ಸೊಟ್ಟ ಗೋಡೆಗೆ ನೆಟ್ಟನೆಯ ಕಪಾಟು ಕೂರಿಸುವುದು ಹೇಗೆ

ಬಾಗಲಕೋಟೆ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ, ಅಂದರೆ ಮರದ ಜಂತಿಯ ಮೇಲೆ ಮಣ್ಣು ಹಾಕಿದ ಚಾವಣಿಯ ಮನೆಗಳಲ್ಲಿ, ನೇರವಾದ ಗೋಡೆ ಸಿಗುವುದು ಅಪರೂಪ. ಗುಳೇದಗುಡ್ಡ, ಬಾದಾಮಿ, ಕೆರೂರು, ಯಾವ ಊರಾದರೂ ಅಷ್ಟೇ. ಕಲ್ಲು ಮಣ್ಣಿನಲ್ಲಿ ಕಟ್ಟಿದ ಗೋಡೆ ಬುಡದಲ್ಲಿ ದಪ್ಪ, ಮೇಲೆ ಹೋದ ಹಾಗೆ ತೆಳುವು. ಹೊರಗಿನ ಮುಖಕ್ಕೆ ಚೆನ್ನಾಗಿ ಕಡಿದ ಕಲ್ಲು. ಒಳಗಿನ ಮುಖಕ್ಕೆ ಕೈಗೆ ಸಿಕ್ಕ ಕಲ್ಲು, ಅದರ ಮೇಲೆ ಮಣ್ಣಿನ ಗಿಲಾವು, ಅದರ ಮೇಲೆ ವರ್ಷವರ್ಷ ಬಳಿದ ಸುಣ್ಣ. ಒಂದು ಕಡೆ ಹೊಟ್ಟೆ ಬಂದಿರುತ್ತದೆ, ಇನ್ನೊಂದು ಕಡೆ ತಗ್ಗು ಬಿದ್ದಿರುತ್ತದೆ. ಮೊದಲೆಲ್ಲ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಗೋಡೆಯಲ್ಲೇ ಮಾಡ ಇತ್ತು, ಗೂಟ ಇತ್ತು, ಸಾಮಾನು ಅಲ್ಲೇ ಇರುತ್ತಿತ್ತು. ಈಗ ಅದೇ ಗೋಡೆಗೆ ಪ್ಲೈವುಡ್ಡಿನ ಕಪಾಟು ಬೇಕು. ಮಷಿನ್ನಿನಲ್ಲಿ ಕೊಯ್ದ ಪ್ಲೈ ಅಂಚು ಪೂರ್ತಿ ನೇರ. ಅದನ್ನು ತಂದು ಗೋಡೆಗೆ ಆನಿಸಿದ ಕೂಡಲೇ ಮೇಲ್ಗಡೆ ಎರಡು ಬೆರಳು ತೂರುವಷ್ಟು ಸಂದು ಕಾಣುತ್ತದೆ.

ಹೊಸ ಮನೆಯವರು ನಗಬೇಕಾಗಿಲ್ಲ. ಬಾಗಲಕೋಟೆ ನವನಗರದ ಸಿಮೆಂಟ್ ಗೋಡೆಗೂ ಒಂದು ಉದ್ದ ಪಟ್ಟಿ ಹಿಡಿದು ನೋಡಿ. ಮೂಲೆಯ ಹತ್ತಿರ ಗಿಲಾವು ದಪ್ಪಗೆ ನಿಂತಿರುತ್ತದೆ, ಯಾಕೆಂದರೆ ಗೌಂಡಿಯ ಪಟ್ಟಿ ಮೂಲೆಯ ತನಕ ಸಲೀಸಾಗಿ ಓಡುವುದಿಲ್ಲ. ವೈರಿಂಗ್ ಪೈಪಿಗೆ ಗೋಡೆ ಕೊರೆದು ಮುಚ್ಚಿದ ಜಾಗ ಉಬ್ಬಿರುತ್ತದೆ. ಮನೆ ಎರೆಮಣ್ಣಿನ ಮೇಲಿದ್ದರೆ ಇನ್ನೂ ಒಂದು ತಾಪತ್ರಯ. ಎರೆ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಪಾಯ ಗಟ್ಟಿ ಇಲ್ಲದಿದ್ದರೆ ಗೋಡೆಯೂ ಅದರ ಜೊತೆ ಅಲುಗಾಡುತ್ತದೆ.

ಇಂಥ ಸಂದಿಗೆ ಮೂರು ಸುಲಭದ ಮದ್ದು ಚಾಲ್ತಿಯಲ್ಲಿವೆ. ಒಂದು, ಪುಟ್ಟಿ ತುಂಬುವುದು. ಅದು ಒಣಗಿ ಬಿರುಕು ಬಿಟ್ಟು ಉದುರುತ್ತದೆ. ಎರಡು, ಮೇಲೊಂದು ಬೀಡಿಂಗ್ ಪಟ್ಟಿ ಹೊಡೆಯುವುದು. ಆ ಪಟ್ಟಿಯೂ ನೇರ, ಹಾಗಾಗಿ ಸಂದು ಸ್ವಲ್ಪ ಆಚೆ ಸರಿಯುತ್ತದೆ ಅಷ್ಟೇ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಕಪಾಟನ್ನೇ ಗೋಡೆಯ ಜೊತೆ ವಾಲಿಸುವುದು. ಆಮೇಲೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಡ್ರಾವರ್ ತಾನಾಗಿ ಹೊರಗೆ ಬರುತ್ತದೆ. ಹಾಗೆ ಮಾಡದೆ ನೆಟ್ಟಗೆ ನಿಲ್ಲಿಸಿದರೂ ಮಾತು ತಪ್ಪುವುದಿಲ್ಲ ಅನ್ನಿ. ಮನೆಯ ಹಿರಿಯರು ಬಂದು, "ಯಾಕೋ ತಮ್ಮಾ, ಹೊಸಾ ಕಪಾಟ ಸೊಟ್ಟ ಕುಂತೈತಲ್ಲ?" ಅಂತ ಕೇಳುತ್ತಾರೆ. "ಕಪಾಟ ನೆಟ್ಟಗೈತ್ರಿ ಯವ್ವಾ, ಗ್ವಾಡಿ ಸೊಟ್ಟೈತಿ" ಅಂದರೆ ಯಾರೂ ಒಪ್ಪುವುದಿಲ್ಲ. ಕಣ್ಣಿಗೆ ಕಾಣುವುದು ಸಂದು ಮಾತ್ರ.

ಸರಿಯಾದ ದಾರಿ ಹೀಗಿದೆ. ಕಪಾಟು ತೂಗುಗುಂಡಿನ ಪ್ರಕಾರ ನೆಟ್ಟಗೆ ನಿಲ್ಲಲಿ. ಗೋಡೆ ಇದ್ದ ಹಾಗೆ ಇರಲಿ. ಇವೆರಡರ ನಡುವೆ ಒಂದು ಪಟ್ಟಿ ಇಡಿ. ಆ ಪಟ್ಟಿಯ ಒಂದು ಅಂಚು ನೇರ, ಇನ್ನೊಂದು ಅಂಚು ಗೋಡೆಯ ಡೊಂಕನ್ನೇ ಗೆರೆ ಎಳೆದು ಕೊಯ್ದದ್ದು. ಕೆಲಸವೆಲ್ಲ ಆ ಒಂದು ಅಂಚಿನಲ್ಲಿದೆ.

ಮೊದಲು ಗೋಡೆಯನ್ನು ಓದಿ

ಗೌಂಡಿಗಳ ಹತ್ತಿರ ಇರುವ ಆರು ಅಡಿಯ ಅಲ್ಯೂಮಿನಿಯಂ ಪಟ್ಟಿ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ನೇರವಾದ ಪ್ಲೈ ತುಂಡು ಸಾಕು. ಅದನ್ನು ಗೋಡೆಗೆ ಆನಿಸಿ, ಪಕ್ಕದಲ್ಲಿ ತೂಗುಗುಂಡು ಬಿಟ್ಟು ನೆಟ್ಟಗೆ ಮಾಡಿ. ಈಗ ಪ್ರತಿ ಅಡಿಗೆ ಒಂದು ಕಡೆ ಪಟ್ಟಿಗೂ ಗೋಡೆಗೂ ನಡುವಿನ ಸಂದು ಎಷ್ಟು ಅಂತ ಅಳೆದು, ಗೋಡೆಯ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಚೀಟಿಯಲ್ಲಿ ಬರೆದರೆ ಯಾವ ಅಂಕಿ ಯಾವ ಎತ್ತರದ್ದು ಅನ್ನುವುದು ಸಂಜೆಯೊಳಗೆ ಮರೆತಿರುತ್ತದೆ.

ಅಳೆಯುವ ಜಾಗ ಮುಖ್ಯ. ಕಪಾಟಿನ ಮುಂಭಾಗ ಗೋಡೆಯ ಮೇಲೆ ಎಲ್ಲಿ ಬರುತ್ತದೋ ಅಲ್ಲೇ ಅಳೆಯಬೇಕು. ಒಳ ಮೂಲೆಯಲ್ಲಿ ಅಳೆದ ಲೆಕ್ಕ ಪಟ್ಟಿಗೆ ಬರುವುದಿಲ್ಲ.

ಎರಡು ಗೋಡೆಗಳ ನಡುವೆ ಕಪಾಟು ಬರುವುದಾದರೆ ಟೇಪು ಹಿಡಿದು ಅಗಲ ಅಳೆಯುವುದು ಎಲ್ಲರೂ ಮಾಡುತ್ತಾರೆ. ಅದರಲ್ಲೊಂದು ಮೋಸ ಇದೆ. ಎರಡೂ ಗೋಡೆ ಒಂದೇ ಕಡೆಗೆ ವಾಲಿದ್ದರೆ ಅಗಲ ಕೆಳಗೂ ಮೇಲೂ ಒಂದೇ ಬರುತ್ತದೆ. ಗೋಡೆ ನೇರ ಇದೆ ಅಂತ ನೀವು ನಂಬುತ್ತೀರಿ. ಪೆಟ್ಟಿಗೆ ಒಳಗೆ ಹೋದ ಮೇಲೆ ಒಂದು ಕಡೆ ಕೆಳಗೆ ಸಂದು, ಇನ್ನೊಂದು ಕಡೆ ಮೇಲೆ ಸಂದು. ಅದಕ್ಕೇ ಅಗಲದ ಜೊತೆಗೆ ಎರಡೂ ಗೋಡೆಗೆ ತೂಗುಗುಂಡು ಬಿಡಲೇಬೇಕು.

ಮೂಲೆ ಗುಣ್ಯಾಕ್ಕೆ, ಅಂದರೆ ಸರಿಯಾಗಿ 90 ಡಿಗ್ರಿಗೆ, ಇದೆಯೋ ಇಲ್ಲವೋ ನೋಡಲು ಗೌಂಡಿಗಳ 3-4-5 ಲೆಕ್ಕ ಸಾಕು. ಒಂದು ಗೋಡೆಯ ಮೇಲೆ ಮೂಲೆಯಿಂದ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಹಾಕಿ. ಎರಡರ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ಸರಿ. ಜಾಸ್ತಿ ಬಂದರೆ ಮೂಲೆ ಬಾಯಿ ತೆರೆದಿದೆ, ಕಡಿಮೆ ಬಂದರೆ ಮುಚ್ಚಿಕೊಂಡಿದೆ.

ನೆಲವನ್ನು ನೀರು ತುಂಬಿದ ಲೆವೆಲ್ ಪೈಪಿನಲ್ಲಿ ನೋಡಿ. ಪೈಪಿನಲ್ಲಿ ಗಾಳಿ ಗುಳ್ಳೆ ಉಳಿದಿರಬಾರದು. ಶಹಾಬಾದ್ ಕಲ್ಲು ಹಾಸಿದ ನೆಲ ತೊಳೆದ ನೀರು ಹರಿದುಹೋಗಲಿ ಅಂತ ಬೇಕೆಂದೇ ಇಳಿಜಾರು ಇರುತ್ತದೆ. ನೆಲದಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಯಾವುದು ಅಂತ ಹುಡುಕಿ. ಕಪಾಟಿನ ಲೆವೆಲ್ ಅಲ್ಲಿಂದಲೇ ಶುರು.

ಕೊನೆಗೆ ಗೋಡೆಯನ್ನು ಬೆರಳ ಗಂಟಿನಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಗಿಲಾವು ಕಲ್ಲು ಬಿಟ್ಟಿದೆ. ಅದನ್ನು ಈಗಲೇ ಕಿತ್ತು ಹೊಸದಾಗಿ ಮಾಡಿಸಿ, ಚೆನ್ನಾಗಿ ಒಣಗಲು ಬಿಡಿ. ಹಸಿ ಗೋಡೆಗೆ ಮರ ತಾಗಿಸಬಾರದು. ಬುಡದಲ್ಲಿ ತೇವ ಇದ್ದರೆ, ಸುಣ್ಣ ಪುಡಿಪುಡಿಯಾಗಿ ಉದುರುತ್ತಿದ್ದರೆ, ಆ ತೇವದ ಮೂಲ ಸರಿಮಾಡುವ ತನಕ ಅಲ್ಲಿ ಕಪಾಟಿನ ಆಸೆ ಬಿಡಿ. ಒರಲೆಗೆ ಅದೇ ಬೇಕಾಗಿರುವುದು.

ಎಷ್ಟು ಸಂದಿಗೆ ಏನು

ಒಂದು ಸೂತು, ಅಂದರೆ ಸುಮಾರು 3 ಮಿಲಿಮೀಟರ್ ಒಳಗಿನ ಸಂದಿಗೆ ಕೊಯ್ಯುವ ಶ್ರಮ ಬೇಡ. ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲೆಂಟ್ ಸಾಕು. ಅದಕ್ಕಿಂತ ಜಾಸ್ತಿಯಾಗಿ ಒಂದು, ಒಂದೂಕಾಲು ಇಂಚಿನವರೆಗೆ ಪಟ್ಟಿಯನ್ನು ಗೋಡೆಯ ಡೊಂಕಿಗೆ ಕೊಯ್ದು ಕೂರಿಸುವುದೇ ಒಳ್ಳೆಯದು. ಅದನ್ನೂ ಮೀರಿದರೆ ಮೊದಲು ಗೌಂಡಿಯನ್ನು ಕರೆಸಿ, ಕಪಾಟು ಬರುವ ಜಾಗದಲ್ಲಷ್ಟೇ ಗಿಲಾವು ಕೊಟ್ಟು ಹೊಟ್ಟೆ ತಗ್ಗು ಕಡಿಮೆ ಮಾಡಿಸಿ. ಪೂರ್ತಿ ನೇರ ಮಾಡಿಸಲು ಹೋದರೆ ಗೋಡೆ ಸುಮ್ನೆ ದಪ್ಪವಾಗುತ್ತದೆ, ಖರ್ಚೂ ಏರುತ್ತದೆ.

ಪೆಟ್ಟಿಗೆ ಚಿಕ್ಕದಿರಲಿ

ಇದು ಡಿಸೈನ್ ಹಂತದಲ್ಲೇ ತೀರ್ಮಾನ ಆಗಬೇಕಾದ ಮಾತು. ಕಪಾಟಿನ ಪೆಟ್ಟಿಗೆಯನ್ನು ಜಾಗಕ್ಕೆ ಬಿಗಿಯಾಗಿ ಮಾಡಿಸಬೇಡಿ. ಒಂದು ಲೆಕ್ಕ ಹಾಕೋಣ. ಎರಡು ಗೋಡೆಗಳ ನಡುವಿನ ಅಗಲ ಬುಡದಲ್ಲಿ 1205, ನಡುವೆ 1218, ಮೇಲೆ 1232 ಮಿಲಿಮೀಟರ್ ಇದೆ ಅನ್ನಿ. ಎಲ್ಲಕ್ಕಿಂತ ಕಡಿಮೆ ಇರುವುದು 1205. ಅದರಲ್ಲಿ ಎರಡೂ ಕಡೆಗೆ 35, 35 ಬಿಟ್ಟರೆ ಪೆಟ್ಟಿಗೆಯ ಅಗಲ 1135. ಗೋಡೆಗಳು ಎರಡೂ ಕಡೆ ಸಮಸಮ ವಾಲಿದ್ದರೆ, ಪ್ರತಿ ಕಡೆಗೂ ಪೆಟ್ಟಿಗೆಗೂ ಗೋಡೆಗೂ ನಡುವೆ ಬುಡದಲ್ಲಿ 35, ಮೇಲೆ ಸುಮಾರು 48 ಮಿಲಿಮೀಟರ್ ಉಳಿಯುತ್ತದೆ. ಈ ಜಾಗವನ್ನು ಪಟ್ಟಿ ತುಂಬುತ್ತದೆ.

ಪಟ್ಟಿಯನ್ನು 48ಕ್ಕೆ ಕೊಯ್ಯಬೇಡಿ. 65 ಇಟ್ಟುಕೊಳ್ಳಿ. ದರ್ಜಿ ಹೊಲಿಗೆಯ ಒಳಗೆ ಬಟ್ಟೆ ಬಿಡುವ ಹಾಗೆ ಇಲ್ಲಿ ಮರ ಬಿಡಬೇಕು. ಯಾಕೆ ಅನ್ನುವುದು ಕೈವಾರ ಹಿಡಿದಾಗ ಗೊತ್ತಾಗುತ್ತದೆ.

ಪಟ್ಟಿ ಇರುವುದರಿಂದ ಇನ್ನೊಂದು ಲಾಭವೂ ಇದೆ. ಗೋಡೆಗೆ ಅಂಟಿಕೊಂಡ ಕಪಾಟಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ, ಹಿಡಿಕೆ ಗೋಡೆಗೆ ಬಡಿಯುತ್ತದೆ. ಒಂದೂವರೆ ಇಂಚು ದೂರ ಇದ್ದರೆ ಆ ರಗಳೆ ಇಲ್ಲ.

ಪಟ್ಟಿ ಯಾವುದರದ್ದು? ಪ್ಲೈಗೆ ಮೈಕಾ ಅಂಟಿಸಿದ ಕಪಾಟಾದರೆ ಪಟ್ಟಿಯೂ ಅದೇ 18 ಮಿಲಿಮೀಟರ್ ಪ್ಲೈ, ಅದೇ ಮೈಕಾ. ಆದರೆ ಗಿಲಾವಿಲ್ಲದ ಕಲ್ಲಿನ ಗೋಡೆಗೆ ತಾಗಿಸುವುದಿದ್ದರೆ ನಾನು ಸಾಗವಾನಿ ಪಟ್ಟಿಯನ್ನೇ ಆರಿಸುತ್ತೇನೆ. ಕಲ್ಲಿನ ಉಬ್ಬುತಗ್ಗಿಗೆ ತಕ್ಕಂತೆ ಉಳಿಯಲ್ಲಿ ಕೆತ್ತಿದರೂ ಅಂಚು ಚೊಕ್ಕಟವಾಗಿ ಉಳಿಯುತ್ತದೆ. ಪ್ಲೈ ಅಲ್ಲಿ ಸಿಬಿರು ಏಳುತ್ತದೆ. ಸಾಗವಾನಿ ದುಬಾರಿ ಹೌದು, ಆದರೆ ಬೇಕಾಗಿರುವುದು ಎರಡೂವರೆ ಇಂಚಿನ ಪಟ್ಟಿ. ಬಾಗಿಲು ಮಾಡಿಸಿದಾಗ ಉಳಿದ ತುಂಡಿನಲ್ಲೇ ಬಂದೀತು.

ಇನ್ನು ಮೇಲ್ಗಡೆ. ಸಿಮೆಂಟ್ ಸ್ಲಾಬ್ ಇದ್ದರೆ ಅಲ್ಲಿಗೂ ಇದೇ ರೀತಿ ಪಟ್ಟಿ ಕೂರಿಸಬಹುದು. ಮಾಳಿಗೆ ಮನೆಯ ಜಂತಿಗಳ ತನಕ ಮಾತ್ರ ಹೋಗಬೇಡಿ. ಒಂದು ಜಂತಿಯಂತೆ ಇನ್ನೊಂದು ಇರುವುದಿಲ್ಲ, ಮೇಲಿನಿಂದ ಮಣ್ಣೂ ಉದುರುತ್ತದೆ. ಅರ್ಧ ಅಡಿ ಕೆಳಗೇ ಕಪಾಟು ನಿಲ್ಲಿಸಿ, ಮೇಲೆ ಒಂದು ಪ್ಲೈ ಮುಚ್ಚಳ ಹಾಕಿ. ಆಗಾಗ ಧೂಳು ಹೊಡೆಯಲು ಕೈಯೂ ಹೋಗುತ್ತದೆ.

ಕೈವಾರ ಹಿಡಿಯುವ ಕೆಲಸ

ಬೇಕಾದ ಸಾಮಾನು ಜಾಸ್ತಿ ಏನಿಲ್ಲ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಕೈವಾರ ಆಗುತ್ತದೆ, ಆದರೆ ಅದರ ಕಾಲು ಸಡಿಲ ಇರಬಾರದು. ಗೆರೆ ಎಳೆಯುವಾಗ ಒಂದು ಕೂದಲೆಳೆ ಅಗಲವಾದರೂ ಕೆಲಸ ಕೆಡುತ್ತದೆ. ತಿರುಗಣಿ ಇರುವ, ಬಿಗಿ ಮಾಡಬಹುದಾದ ಕೈವಾರ ಸಿಕ್ಕರೆ ಅದೇ ತನ್ನಿ. ಜೊತೆಗೆ ಚೂಪಾದ ಪೆನ್ಸಿಲ್, ಮಾಸ್ಕಿಂಗ್ ಟೇಪ್, ಲೆವೆಲ್ ಪಟ್ಟಿ, ಒಂದೆರಡು ಕ್ಲ್ಯಾಂಪ್, ಮರದ ಬೆಣೆಗಳು, ಜಿಗ್‌ಸಾ, ರಂದಾ, ಮರ ಉಜ್ಜುವ ಅರ, ಸ್ಯಾಂಡ್ ಪೇಪರ್.

ಪೆಟ್ಟಿಗೆಯನ್ನು ಮೊದಲು ಅದರ ಜಾಗದಲ್ಲಿ ನಿಲ್ಲಿಸಿ. ಕೆಳಗೆ ಬೆಣೆ ಕೊಟ್ಟು ಲೆವೆಲ್ ಮಾಡಿ, ಮುಂದಕ್ಕೂ ಪಕ್ಕಕ್ಕೂ ನೆಟ್ಟಗೆ ಮಾಡಿ, ಗೋಡೆಗೆ ಸ್ಕ್ರೂ ಹಾಕಿ ಭದ್ರ ಮಾಡಿ. ಪೆಟ್ಟಿಗೆ ಪೂರ್ತಿ ನಿಂತ ಮೇಲೇ ಪಟ್ಟಿಯ ಮಾತು. ಆಮೇಲೆ ಪೆಟ್ಟಿಗೆ ಕೂದಲಷ್ಟು ಕದಲಿದರೂ ಗೆರೆ ಸುಳ್ಳಾಗುತ್ತದೆ.

ಕಪಾಟಿನ ಬಾಗಿಲುಗಳನ್ನು ಬಿಚ್ಚಿಡಿ. ಪಟ್ಟಿಯನ್ನು ಪೆಟ್ಟಿಗೆಯ ಮುಂಭಾಗದ ಮೇಲೆ, ಬಾಗಿಲು ಕೂರುವ ಮಟ್ಟದಲ್ಲೇ ಇಟ್ಟು, ಗೋಡೆಯ ಕಡೆಗೆ ಸರಿಸಿ. ಗೋಡೆಯ ಹೊಟ್ಟೆ ಎಲ್ಲಿ ಮುಂದೆ ಬಂದಿದೆಯೋ ಅಲ್ಲಿ ತಾಗಿ ನಿಲ್ಲುತ್ತದೆ. ಪಟ್ಟಿಯ ಇನ್ನೊಂದು ಅಂಚು ಪೆಟ್ಟಿಗೆಯ ಅಂಚಿಗೆ ಸಮಾನಾಂತರ ಇರಬೇಕು. ಕೆಳಗೆ, ನಡುವೆ, ಮೇಲೆ ಅಳೆದು ನೋಡಿ, ಕ್ಲ್ಯಾಂಪ್ ಬಿಗಿ ಮಾಡಿ.

ನಮ್ಮ ಲೆಕ್ಕದಲ್ಲಿ ಗೋಡೆ ಬುಡದಲ್ಲಿ ಮುಂದೆ ಬಂದಿದೆ. ಅಲ್ಲಿ ಜಾಗ 35, ಪಟ್ಟಿ 65. ಅಂದರೆ ಪಟ್ಟಿ ಪೆಟ್ಟಿಗೆಯ ಮೇಲೆ 30 ಮಿಲಿಮೀಟರ್ ಹತ್ತಿ ಕೂತಿದೆ. ಅದರ ಒಳ ಅಂಚು ಪೆಟ್ಟಿಗೆಯ ಅಂಚಿಗೆ ಬರಬೇಕಾದರೆ ಪಟ್ಟಿ ಗೋಡೆಯ ಕಡೆಗೆ 30 ಸರಿಯಬೇಕು. ಕೈವಾರವನ್ನು ಅಷ್ಟಕ್ಕೇ ತೆರೆಯಿರಿ: 30. ಪಟ್ಟಿ ಎಷ್ಟು ಸರಿಯಬೇಕೋ ಕೈವಾರ ಅಷ್ಟು. ಈ ಕೆಲಸದಲ್ಲಿ ನೆನಪಿಡಬೇಕಾದ ಸೂತ್ರ ಇದೊಂದೇ. ಸಂದು ನೋಡಿ ಅಂದಾಜಿನಲ್ಲಿ ಕೈವಾರ ತೆರೆಯುವವರ ಪಟ್ಟಿ ಗೋಡೆಗೆ ಚೆನ್ನಾಗಿ ಕೂರುತ್ತದೆ, ಆದರೆ ಇನ್ನೊಂದು ಅಂಚು ಪೆಟ್ಟಿಗೆಗೆ ಸೇರುವುದಿಲ್ಲ.

ಈಗ ಕೈವಾರದ ಮುಳ್ಳು ಗೋಡೆಯ ಮೇಲೆ, ಪೆನ್ಸಿಲ್ ಪಟ್ಟಿಯ ಮೇಲೆ. ಮೇಲಿನಿಂದ ಕೆಳಗೆ ನಿಧಾನವಾಗಿ ಎಳೆಯಿರಿ. ಬುಡದಲ್ಲಿ ಪಟ್ಟಿ ಗೋಡೆಗೆ ತಾಗಿರುವುದರಿಂದ ಗೆರೆ ಅಂಚಿನಿಂದ 30 ಒಳಗೆ ಬೀಳುತ್ತದೆ. ಅಲ್ಲಿ ಉಳಿಯುವುದು 35. ಮೇಲೆ 13 ಸಂದು ಇದೆ, ಹಾಗಾಗಿ ಗೆರೆ 17 ಒಳಗೆ ಬೀಳುತ್ತದೆ, ಉಳಿಯುವುದು 48. ಎರಡೂ ನಮ್ಮ ಅಳತೆಗೆ ಸರಿಯಾಗಿ ಬಂತು, ಅಲ್ವಾ? ಪಟ್ಟಿಯನ್ನು 48ಕ್ಕೇ ಕೊಯ್ದಿದ್ದರೆ ಮೇಲ್ಗಡೆ ಪೆನ್ಸಿಲ್ ಅಂಚಿನಲ್ಲೇ ಓಡುತ್ತಿತ್ತು, ಗರಗಸಕ್ಕೆ ಹಿಡಿಯಲು ಮರವೇ ಇರುತ್ತಿರಲಿಲ್ಲ.

ಎಳೆಯುವಾಗ ಒಂದು ಕಟ್ಟುನಿಟ್ಟು. ಮುಳ್ಳು ಮತ್ತು ಪೆನ್ಸಿಲ್ ಯಾವಾಗಲೂ ಒಂದೇ ಮಟ್ಟದಲ್ಲಿ, ಅಡ್ಡಡ್ಡ ಇರಬೇಕು. ಗೋಡೆಯ ಡೊಂಕು ಬಂದ ಕೂಡಲೇ ಕೈ ತಾನಾಗಿ ತಿರುಗುತ್ತದೆ. ತಿರುಗಿದರೆ ಗೆರೆ ಗೋಡೆಯ ಆಕಾರಕ್ಕಿಂತ ಬೇರೆ ಆಗುತ್ತದೆ. ಪಟ್ಟಿ ಅಡ್ಡಡ್ಡ ಸರಿಯುವುದು ತಾನೇ, ಅಳತೆಯೂ ಅಡ್ಡಡ್ಡವೇ ಇರಬೇಕು. ಕೈ ನಿಲ್ಲದಿದ್ದರೆ ಕೈವಾರಕ್ಕೆ ಒಂದು ಚಿಕ್ಕ ಲೆವೆಲ್ ಟೇಪಿನಲ್ಲಿ ಅಂಟಿಸಿಕೊಳ್ಳಿ.

ಕಪ್ಪು ಅಥವಾ ಗಾಢ ಬಣ್ಣದ ಮೈಕಾದ ಮೇಲೆ ಪೆನ್ಸಿಲ್ ಕಾಣುವುದಿಲ್ಲ. ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಎಳೆಯಿರಿ. ಆಮೇಲೆ ಕೊಯ್ಯುವಾಗ ಮೈಕಾ ಸಿಡಿಯದಂತೆ ಅದೇ ಟೇಪು ತಡೆಯುತ್ತದೆ.

ಸಿಮೆಂಟ್ ಗೋಡೆಯಲ್ಲಿ ಸಂದು ಕಡಿಮೆ ಇದ್ದರೆ ಕೈವಾರವೂ ಬೇಡ. ತಕ್ಕ ದಪ್ಪದ ಮರದ ತುಂಡು ತೆಗೆದುಕೊಂಡು ಗೋಡೆಗೆ ಒತ್ತಿ ಹಿಡಿದು, ಅದರ ಇನ್ನೊಂದು ಬದಿಗೆ ಪೆನ್ಸಿಲ್ ಆನಿಸಿ ಎಳೆದರೆ ಆಯಿತು. ತುಂಡು ಸಣ್ಣಸಣ್ಣ ಗುಳಿಗಳನ್ನು ಹಾರಿಸಿಕೊಂಡು ಹೋಗುತ್ತದೆ, ಗೆರೆ ನಯವಾಗಿ ಬರುತ್ತದೆ. ಗಿಲಾವಿಲ್ಲದ ಮರಳುಗಲ್ಲಿನ ಗೋಡೆಗೆ ಇದು ನಡೆಯುವುದಿಲ್ಲ. ಕಲ್ಲು ಕಲ್ಲಿನ ನಡುವಿನ ತಗ್ಗಿನೊಳಗೆ ಮುಳ್ಳೇ ಹೋಗಬೇಕು. ಹಾಗಂತ ಪ್ರತಿ ಚಿಕ್ಕ ರಂಧ್ರವನ್ನೂ ಹಿಂಬಾಲಿಸಬೇಡಿ. ಅಕ್ಕಿಕಾಳಿನಷ್ಟು ತಗ್ಗನ್ನು ಬಿಟ್ಟುಬಿಡಿ.

ಕೊಯ್ಯುವುದು, ತಾಗಿಸಿ ನೋಡುವುದು

ಗೆರೆಯ ಮೇಲೇ ಗರಗಸ ಓಡಿಸಬೇಡಿ. ಗೋಡೆಯ ಕಡೆಗೆ ಒಂದು ಮಿಲಿಮೀಟರ್ ಬಿಟ್ಟು ಕೊಯ್ಯಿರಿ, ಉಳಿದದ್ದು ಅರಕ್ಕೆ, ರಂದಾಕ್ಕೆ. ಜಿಗ್‌ಸಾದ ಸಾಮಾನ್ಯ ಬ್ಲೇಡು ಮೇಲ್ಮುಖವಾಗಿ ಕೊಯ್ಯುತ್ತದೆ, ಮೇಲಿರುವ ಮೈಕಾ ಸಿಡಿಯುತ್ತದೆ. ಕೆಳಮುಖ ಹಲ್ಲಿನ ಬ್ಲೇಡು ಬೇರೆ ಸಿಗುತ್ತದೆ, ಮೈಕಾ ಕೆಲಸಕ್ಕೆ ಅದನ್ನೇ ಕೇಳಿ ತನ್ನಿ. ಗ್ರೈಂಡರಿಗೆ ಮರ ಕೊಯ್ಯುವ ಚಕ್ರ ಹಾಕಿ ಇಂಥ ಕೆಲಸ ಮಾಡುವವರನ್ನು ಎಲ್ಲರೂ ನೋಡಿದ್ದೇವೆ. ಅದು ಹಿಂದಕ್ಕೆ ಒದೆಯುತ್ತದೆ, ಕೈ ಬೆರಳು ಉಳಿಯುವುದು ಅದೃಷ್ಟ. ಎರಡು ಬೆರಳಗಲದ ಪಟ್ಟಿ ಕೊಯ್ಯಲು ಅಂಥ ಧೈರ್ಯ ಯಾಕೆ?

ಕೊಯ್ಯುವಾಗ ಜಿಗ್‌ಸಾದ ಪಾದವನ್ನು ಐದಾರು ಡಿಗ್ರಿ ವಾಲಿಸಿ. ಪಟ್ಟಿಯ ಹಿಂಬದಿ ಮುಂಬದಿಗಿಂತ ಸ್ವಲ್ಪ ಒಳಗೆ ಹೋಗುವಂತೆ ಇರಬೇಕು. ಆಗ ಗೋಡೆಗೆ ತಾಗುವುದು ಮುಂದಿನ ತೆಳು ಅಂಚು ಮಾತ್ರ. ಪಟ್ಟಿಯ ಹಿಂದೆ ಗೋಡೆಯಲ್ಲಿ ಏನು ಉಬ್ಬಿದ್ದರೂ ಅಡ್ಡ ಬರುವುದಿಲ್ಲ. ಆಮೇಲೆ ಉಜ್ಜಬೇಕಾದ ಮರವೂ ಕಡಿಮೆ. ಪಟ್ಟಿ ಕೂರಲೇ ಒಲ್ಲದು ಅಂತ ಗುದ್ದಾಡುವವರಲ್ಲಿ ಹೆಚ್ಚಿನವರು ಈ ವಾಲಿಕೆ ಕೊಡದವರೇ.

ಅರದಲ್ಲಿ ಉಜ್ಜುವಾಗ ಮೈಕಾದ ಕಡೆಯಿಂದ ಪ್ಲೈ ಕಡೆಗೆ ತಳ್ಳಿ. ಉಲ್ಟಾ ಎಳೆದರೆ ಮೈಕಾ ಎದ್ದು ಬರುತ್ತದೆ.

ಈಗ ತಾಗಿಸಿ ನೋಡುವ ಹಂತ. ಮೊದಲ ಸಲಕ್ಕೇ ಸರಿಯಾಗಿ ಕೂತರೆ ಸಂತೋಷ, ಕೂರದಿದ್ದರೆ ಮಾಮೂಲು. ಗೋಡೆಗೆ ಬಣ್ಣದ ಸೀಮೆಸುಣ್ಣ ಉಜ್ಜಿ, ಪಟ್ಟಿಯನ್ನು ಅದರ ಜಾಗಕ್ಕೆ ಒತ್ತಿ ತೆಗೆಯಿರಿ. ಅಂಚಿಗೆ ಎಲ್ಲಿ ಬಣ್ಣ ಹತ್ತಿದೆಯೋ ಅಲ್ಲಿ ತಾಗುತ್ತಿದೆ. ಅಷ್ಟೇ ಜಾಗವನ್ನು ಉಜ್ಜಿ, ಮತ್ತೆ ಒತ್ತಿ ನೋಡಿ. ಬಣ್ಣ ಉದ್ದಕ್ಕೂ ಹತ್ತತೊಡಗಿದರೆ ಪಟ್ಟಿ ಕೂತಿದೆ ಅಂತ ಅರ್ಥ. ಪಟ್ಟಿಯ ಹಿಂದೆ ಮೊಬೈಲ್ ಟಾರ್ಚ್ ಹಿಡಿದರೆ ಉಳಿದ ಸಂದುಗಳಲ್ಲಿ ಬೆಳಕು ಕಾಣುತ್ತದೆ, ಅದೂ ಸುಲಭ.

ಕಣ್ಣಿಗೆ ಮೋಸ ಮಾಡುವುದೂ ಕೆಲಸವೇ

ಪಟ್ಟಿ ಗೋಡೆಗೆ ಬಿಗಿಯಾಗಿ ಕೂತಿದೆ, ಸಂದಿಲ್ಲ. ಆದರೂ ದೂರ ನಿಂತು ನೋಡಿದರೆ ಏನೋ ಸರಿಯಿಲ್ಲ. ಕಪಾಟು ನೆಟ್ಟಗೆ, ಗೋಡೆ ವಾಲಿದೆ, ನಡುವಿನ ಪಟ್ಟಿ ಕೆಳಗೆ ಸಣ್ಣ, ಮೇಲೆ ಅಗಲ. ಕಡು ಕಂದು ಮೈಕಾದ ಪಟ್ಟಿ ಬಿಳಿ ಗೋಡೆಯ ಪಕ್ಕದಲ್ಲಿ ಇದನ್ನೆಲ್ಲ ಕೂಗಿ ಹೇಳುತ್ತದೆ.

ಇಂಥ ಕಡೆ ಪಟ್ಟಿಗೆ ಕಪಾಟಿನ ಬಣ್ಣ ಬೇಡ, ಗೋಡೆಯ ಬಣ್ಣ ಕೊಡಿ. ಪಟ್ಟಿ ಗೋಡೆಯಲ್ಲಿ ಸೇರಿಹೋಗುತ್ತದೆ. ಕಣ್ಣಿಗೆ ಕಾಣುವುದು ಕಪಾಟಿನ ನೇರ ಅಂಚು ಮಾತ್ರ. ಒಳಾಂಗಣ ಮಾಡುವವರು ಎಲ್ಲವೂ ಒಂದೇ ಮೈಕಾ ಇರಲಿ ಅಂತ ಹಟ ಹಿಡಿಯುತ್ತಾರೆ. ವ್ಯತ್ಯಾಸ ಅರ್ಧ ಇಂಚು ದಾಟಿದರೆ ನಾನು ಆ ಮಾತು ಕೇಳುವುದಿಲ್ಲ.

ಇನ್ನೊಂದು ಉಪಾಯ, ಅಗಲದ ವ್ಯತ್ಯಾಸವನ್ನು ಎರಡೂ ಕಡೆಗೆ ಹಂಚುವುದು. ಪೆಟ್ಟಿಗೆಯನ್ನು ಒಂದು ಗೋಡೆಯ ಕಡೆ ಸ್ವಲ್ಪ ಸರಿಸಿದರೆ ಎರಡು ಪಟ್ಟಿಗಳೂ ಹತ್ತಿರಹತ್ತಿರ ಒಂದೇ ಅಗಲ ಕಾಣುತ್ತವೆ. ಪೆಟ್ಟಿಗೆಗೆ ಸ್ಕ್ರೂ ಹಾಕುವ ಮುಂಚೆ ಇದನ್ನು ಯೋಚಿಸಿ.

ಮಾಡಕ್ಕೆ ಹಲಗೆ

ಹಳೆ ಗೋಡೆಯ ಮಾಡಗಳಲ್ಲಿ ಪುಸ್ತಕ, ಡಬ್ಬಿ ಇಡಲು ಹಲಗೆ ಹಾಕಿಸುವವರು ಈಗ ಜಾಸ್ತಿ. ಇದು ಕಪಾಟಿಗಿಂತ ಕಷ್ಟ, ಯಾಕೆಂದರೆ ಹಿಂದೆ, ಎಡಕ್ಕೆ, ಬಲಕ್ಕೆ, ಮೂರೂ ಕಡೆ ಡೊಂಕು. ಒಂದೇ ಹಲಗೆಯನ್ನು ಮೂರು ಕಡೆಗೂ ಒಟ್ಟಿಗೆ ಗುರುತು ಹಾಕಲು ಬರುವುದಿಲ್ಲ, ಅದು ಒಳಗೇ ಹೋಗುವುದಿಲ್ಲವಲ್ಲ.

ಮೊದಲು ಮಾದರಿ ಮಾಡಿಕೊಳ್ಳಿ. 4 ಅಥವಾ 6 ಮಿಲಿಮೀಟರ್ ಪ್ಲೈನ ಎರಡು ತುಂಡು, ಒಂದೊಂದೂ ಮಾಡದ ಅರ್ಧಕ್ಕಿಂತ ಸ್ವಲ್ಪ ಉದ್ದ. ಹಲಗೆ ಬರುವ ಎತ್ತರದಲ್ಲಿ ಎರಡು ತಾತ್ಕಾಲಿಕ ಆಸರೆ ಕೊಟ್ಟು, ಎಡ ತುಂಡನ್ನು ಇಟ್ಟು ಮೊದಲು ಹಿಂದಿನ ಗೋಡೆಗೆ ಕೈವಾರ ಎಳೆದು ಕೊಯ್ಯಿರಿ. ಅದು ಕೂತ ಮೇಲೆ ಎಡ ಗೋಡೆಗೆ. ಬಲ ತುಂಡಿಗೂ ಹಾಗೇ. ಎರಡೂ ತಮ್ಮ ತಮ್ಮ ಮೂಲೆಯಲ್ಲಿ ಕೂತಾಗ ನಡುವೆ ಒಂದರ ಮೇಲೊಂದು ಹತ್ತಿರುತ್ತವೆ. ಅಲ್ಲೇ ಎರಡು ಸ್ಕ್ರೂ ಹಾಕಿ ಒಂದು ಮಾಡಿ. ಹುಷಾರಾಗಿ ಹೊರಗೆ ತೆಗೆದು, ಹಲಗೆಯ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ತಪ್ಪಿದರೆ ಹೋಗುವುದು ಚೂರು ಪ್ಲೈ, ಸಾಗವಾನಿ ಹಲಗೆ ಅಲ್ಲ.

ಒಂದು ಎಚ್ಚರ. ಮಾಡದ ಬಾಯಿ ಒಳಗಿಗಿಂತ ಕಿರಿದಾಗಿರುವುದು ಉಂಟು. ಒಳಗೆ ಬಿಗಿಯಾಗಿ ಕೂರುವ ಹಲಗೆ ಬಾಯಿಯಿಂದ ಒಳಗೇ ಹೋಗುವುದಿಲ್ಲ. ಸೇರಿಸಿದ ಮಾದರಿ ಹೊರಗೆ ಬರಲು ತಕರಾರು ಮಾಡಿದರೆ ಹಲಗೆಗೂ ಅದೇ ಗತಿ. ಓರೆ ಮಾಡಿ ತೂರಿಸಲು ಆಗುತ್ತದೋ ನೋಡಿ, ಇಲ್ಲವಾದರೆ ಹಲಗೆಯನ್ನು ಉದ್ದಕ್ಕೆ ಎರಡು ತುಂಡು ಮಾಡಿ ಒಳಗೆ ಜೋಡಿಸಿ.

ನೆಲದ ಪಟ್ಟಿ

ಕಪಾಟಿನ ಕೆಳಗಿನ ಅಡ್ಡಪಟ್ಟಿಗೆ ಇದೇ ವಿದ್ಯೆ, ಗೋಡೆಯ ಬದಲು ನೆಲ. ಇಲ್ಲಿ ಕೈವಾರ ನೆಟ್ಟಗೆ ನಿಲ್ಲಬೇಕು. ವ್ಯತ್ಯಾಸ ಒಂದೇ: ನೆಲ ತೊಳೆಯುತ್ತೀರಿ. ಪ್ಲೈ ಅಂಚು ನೀರು ಹೀರಿ ಉಬ್ಬುತ್ತದೆ. ಹಾಗಾಗಿ ನೆಲಕ್ಕೆ ತಾಗಿಸದೆ 2–3 ಮಿಲಿಮೀಟರ್ ಬಿಡಿ, ಕೊಯ್ದ ಅಂಚಿಗೆ ಎರಡು ಸಲ ಪ್ರೈಮರ್ ಬಳಿಯಿರಿ, ಆಮೇಲೆ ಆ ಸಂದಿಗೆ ಸಿಲಿಕೋನ್ ಕೊಡಿ. ನೀರು ಬೀಳುವ ಕಡೆ ಐಎಸ್ 710 ಗುರುತಿನ ಮರೀನ್ ಪ್ಲೈ ಹಾಕಿದರೂ ಅಂಚು ಮುಚ್ಚುವುದು ತಪ್ಪುವುದಿಲ್ಲ.

ಕೂರಿಸುವುದು, ಮುಚ್ಚುವುದು

ಪೆಟ್ಟಿಗೆಯ ಪಕ್ಕಕ್ಕೆ, ಮುಂಭಾಗದ ಅಂಚಿಗೆ ಸರಿಯಾಗಿ ಒಂದು ರೀಪರ್ (ಉದ್ದನೆಯ ಮರದ ಕಡ್ಡಿ) ಸ್ಕ್ರೂ ಮಾಡಿ. ಪಟ್ಟಿ ಅದರ ಮೇಲೆ ಕೂರುತ್ತದೆ. ಪಟ್ಟಿಯನ್ನು ಗೋಡೆಗೆ ಹೊಡೆಯಬೇಡಿ, ಅಂಟಿಸಲೂ ಬೇಡಿ. ಎರೆಮಣ್ಣಿನ ಮನೆ ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ಕದಲುತ್ತದೆ. ಪಟ್ಟಿ ಪೆಟ್ಟಿಗೆಗೆ ಮಾತ್ರ ಸೇರಿದ್ದರೆ ಗೋಡೆ ತನ್ನ ಪಾಡಿಗೆ ಕದಲಬಹುದು.

ಪೆಟ್ಟಿಗೆಯನ್ನು ಗೋಡೆಗೆ ಹಿಡಿಸುವಾಗ ಗೋಡೆ ಯಾವುದು ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಇಟ್ಟಿಗೆ, ಸಿಮೆಂಟಿಗೆ ಪ್ಲಾಸ್ಟಿಕ್ ಗಿಟ್ಟಿ ಸಾಕು. ಕಲ್ಲು ಮಣ್ಣಿನ ಗೋಡೆಯಲ್ಲಿ ಡ್ರಿಲ್ ಸಂದಿನ ಮಣ್ಣಿಗೆ ಬಿದ್ದರೆ ಗಿಟ್ಟಿ ಗಿರಗಿರ ತಿರುಗುತ್ತದೆ. ಕಲ್ಲಿಗೇ ತೂತು ಬೀಳುವ ಜಾಗ ಹುಡುಕಿ. ಏನೇ ಆದರೂ ಭಾರವನ್ನು ನೆಲಕ್ಕೆ ಕೊಡಿ, ಗೋಡೆಯ ಸ್ಕ್ರೂ ಕಪಾಟು ಮುಂದಕ್ಕೆ ಬೀಳದಂತೆ ಹಿಡಿದರೆ ಸಾಕು. ಪಾತ್ರೆ ತುಂಬುವ ತೂಗು ಕಪಾಟನ್ನು ಮಣ್ಣಿನ ಗೋಡೆಗೆ ನೇತುಹಾಕುವುದು ನನಗೆ ಒಪ್ಪಿಗೆ ಇಲ್ಲ. ಹಿಂಬದಿಯ ಪ್ಲೈ ಮತ್ತು ಗೋಡೆಯ ನಡುವೆ ಒಂದು ಬೆರಳು ಗಾಳಿ ಆಡಲು ಬಿಡಿ.

ಉಳಿದ ಕೂದಲೆಳೆ ಸಂದಿಗೆ ಅಕ್ರಿಲಿಕ್ ಸೀಲೆಂಟ್. ಇಲ್ಲಿ ಸಿಲಿಕೋನ್ ಬೇಡ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಸುಣ್ಣದ ಗೋಡೆಯಾದರೆ ಪುಡಿ ಸುಣ್ಣವನ್ನು ಬ್ರಷ್‌ನಲ್ಲಿ ಉಜ್ಜಿ ತೆಗೆದು, ಆ ಗೆರೆಗೆ ಪ್ರೈಮರ್ ಬಳಿದು ಒಣಗಿದ ಮೇಲೆ ಸೀಲೆಂಟ್ ಕೊಡಿ. ಪುಡಿಯ ಮೇಲೆ ಕೊಟ್ಟರೆ ಪುಡಿಯ ಸಮೇತ ಕಿತ್ತು ಬರುತ್ತದೆ. ಪಟ್ಟಿಯ ಕಡೆಗೂ ಗೋಡೆಯ ಕಡೆಗೂ ಮಾಸ್ಕಿಂಗ್ ಟೇಪ್ ಅಂಟಿಸಿ, ಸೀಲೆಂಟ್ ಒತ್ತಿ, ಒದ್ದೆ ಬೆರಳಿನಿಂದ ಒಂದೇ ಸಲ ಎಳೆದು, ಹಸಿ ಇರುವಾಗಲೇ ಟೇಪ್ ಕೀಳಿರಿ.

ಗೋಡೆಯ ಬಣ್ಣದ ಕೊನೆಯ ಕೋಟ್ ಇದೆಲ್ಲ ಆದ ಮೇಲೆ. ಪಟ್ಟಿಗೆ ಸ್ಕ್ರೂವನ್ನು ಕಪಾಟಿನ ಒಳಗಿನಿಂದ, ಪಕ್ಕದ ಹಲಗೆ ಮತ್ತು ರೀಪರ್ ಮೂಲಕ ಓರೆಯಾಗಿ ಹಾಕಿದರೆ ತಲೆ ಹೊರಗೆ ಕಾಣುವುದಿಲ್ಲ. ಮೊಳೆ ಬೇಡ. ನಾಳೆ ಒರಲೆ ಬಂತೋ, ಹಿಂದೆ ವೈರ್ ಎಳೆಯಬೇಕಾಯಿತೋ, ನಾಲ್ಕು ಸ್ಕ್ರೂ ತಿರುಗಿಸಿ ಪಟ್ಟಿ ತೆಗೆಯಬಹುದು. ಕೂರಿಸುವ ಮುಂಚೆಯೇ ಪಟ್ಟಿಯ ಹಿಂದೆ ಯಾವ ಕಡೆಯದು, ಮೇಲು ಯಾವುದು ಅಂತ ಬರೆದಿಟ್ಟುಕೊಳ್ಳಿ. ಎಡದ ಪಟ್ಟಿ ಬಲಕ್ಕೆ ಬರುವುದಿಲ್ಲ.